ಕೊಂಗ್ ಸಿಲಾಳ ಆರನೆಯ ಸ್ವರ

ಮೌಪ್ರೆಮ್‌ನ ಹೊಸ ಸಭಾಭವನಕ್ಕೆ ತಗಡು ಹೊದಿಸಿ ಮುಗಿದ ವಾರ ಹೆಂಗಸರ ಸಂಘದ ಸಭೆ ಸೇರಿತ್ತು. ಮಳೆ ನಿಂತ ಮೇಲೆ, ನವೆಂಬರಿನಲ್ಲಿ ಉದ್ಘಾಟನೆ. ಯಾರು ಏನು ಮಾಡಬೇಕೆಂದು ತೀರ್ಮಾನಿಸಬೇಕಿತ್ತು. ಬಡಾವಣೆಯ ಮುಖಂಡರು ಕಳಿಸಿದ್ದ ಕಾರ್ಯದರ್ಶಿ ಕಾಲ ಮೇಲೆ ಕಾಲು ಹಾಕಿಕೊಂಡು, ಇದರಲ್ಲಿ ಮಾತಾಡುವುದೇನಿದೆ ಎನ್ನುವ ಧಾಟಿಯಲ್ಲಿ ಹೇಳಿದ:

"ಹೆಂಗಸರದ್ದು ಯಾವಾಗಿನ ಹಾಗೇ. ಚಹಾ, ಕ್ವಾಯ್ ಎಲೆಅಡಿಕೆ, ಒಂದು ಸ್ತುತಿಗೀತೆ. ಕೊನೆಗೆ ನಮ್ಮ ಎಕ್ಸ್‌ಪ್ರೆಸ್‌ನವರು ಇದ್ದೇ ಇದ್ದಾರಲ್ಲ, ರಾಕ್ ಬಾರಿಸ್ತಾರೆ."

ಎಕ್ಸ್‌ಪ್ರೆಸ್ ಎಂದರೆ ಮೌಪ್ರೆಮ್ ಎಕ್ಸ್‌ಪ್ರೆಸ್. ಶಿಲ್ಲಾಂಗಿಗೆ ರೈಲು ಬರದಿದ್ದರೇನಂತೆ, ನಮ್ಮ ಬಡಾವಣೆಯ ಬ್ಯಾಂಡಿಗೆ ಆ ಹೆಸರು ಬಂದು ನಲವತ್ತು ವರ್ಷವಾಗುತ್ತ ಬಂತು. ಅದರಲ್ಲಿದ್ದವರೆಲ್ಲ ಈಗ ಹೊಟ್ಟೆ ಬಂದವರು, ಕೂದಲು ಹೋದವರು. ಆದರೂ ಅವರ ಬೆಟ್ಟದ ಹಾಡು ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. ಹಾಡು ಪೂರ್ತಿ ಬಾರದವರಿಗೂ ಅದರ ರಿಫ್ ಬರುತ್ತದೆ. ಮೊದಲಲ್ಲೂ ನಡುವಿನಲ್ಲೂ ಕೊನೆಯಲ್ಲೂ ಸುತ್ತಿ ಸುತ್ತಿ ಬರುವ ಗಿಟಾರಿನ ಆ ಐದು ಸ್ವರದ ತುಣುಕನ್ನು ಟ್ಯಾಕ್ಸಿಯವರು ಹಾರ್ನಿನಲ್ಲಿ ಬಾರಿಸುತ್ತಾರೆ, ಮಕ್ಕಳು ಶಿಳ್ಳೆ ಹಾಕುತ್ತಾರೆ.

"ಯಾಕಪ್ಪಾ, ರಾಕ್ ಬಾರಿಸೋಕೆ ಮೀಸೆ ಬೇಕಾ?" ಎಂದಳು ಕೊಂಗ್ ಥೆಲ್ಮಾ, ಅಂದರೆ ಥೆಲ್ಮಾ ಅಕ್ಕ. ಥೆಲ್ಮಾ ಇಯೆವ್‌ದುಹ್ ಸಂತೆಯಲ್ಲಿ ಹಂದಿಮಾಂಸ ಮಾರುವವಳು. ಅವಳ ಅಂಗಡಿ ಎಲ್ಲಿದೆ ಎಂದು ಯಾರೂ ಕೇಳಬೇಕಾಗಿಲ್ಲ, ದನಿ ಹಿಡಿದು ಹೋದರೆ ಸಾಕು.

"ಬೇಡ ಕೊಂಗ್, ಗಿಟಾರ್ ಬೇಕು. ನಿಮ್ಮಲ್ಲಿ ಯಾರು ಬಾರಿಸ್ತೀರಾ? ನಿಮ್ಮ ಮಚ್ಚಿಗೆ ತಂತಿ ಕಟ್ತೀರಾ?"

ಹೆಂಗಸರೇ ಮೊದಲು ನಕ್ಕರು. ಥೆಲ್ಮಾ ಕೂಡ ನಕ್ಕಳು. ನಗದೆ ಉಳಿದವಳು ಡ್ರೋಸಿಲಾ ಖಾರ್‌ಬುಲಿ ಒಬ್ಬಳೇ. ನಮಗೆಲ್ಲ ಅವಳು ಕೊಂಗ್ ಸಿಲಾ. ಬಡಾವಣೆಯ ಶಾಲೆಯಲ್ಲಿ ಶಿಶುವರ್ಗದ ಮಕ್ಕಳಿಗೆ ಅಕ್ಷರ ತಿದ್ದಿಸಿ ಹಿಂದಿನ ವರ್ಷವಷ್ಟೇ ನಿವೃತ್ತಳಾದವಳು. ಎಕ್ಸ್‌ಪ್ರೆಸ್‌ನ ಗಿಟಾರಿನವನು, ಎಲ್ಲರೂ ಗೌರವದಿಂದ ಬಾಹ್ ಎಂದು ಕರೆಯುವ ಶಾನ್‌ಬೋರ್ ಅವಳ ಅಣ್ಣ. ಆ ಬ್ಯಾಂಡು ಹುಟ್ಟಿದ್ದು ಅವಳ ಮನೆಯ ಹಿಂದಿನ ಕೋಣೆಯಲ್ಲಿ. ಕಾರ್ಯದರ್ಶಿ ನಗುತ್ತ ಎದ್ದು ಕೊಡೆ ಹುಡುಕುವಾಗ ಅವಳಿಗೆ ಕಿವಿಯವರೆಗೆ ಬಿಸಿಯೇರಿತು.

"ನಾನು ಬಾರಿಸ್ತೀನಿ," ಎಂದಳು.

ಅವಳಿಗೇ ಆ ಮಾತು ಬೇರೆ ಯಾರೋ ಆಡಿದ ಹಾಗೆ ಕೇಳಿಸಿತು.

"ಬರತ್ತಾ ನಿಮಗೆ?" ಎಂದ ಕಾರ್ಯದರ್ಶಿ.

"ನವೆಂಬರ್ ಹೊತ್ತಿಗೆ ಬರತ್ತೆ. ಬರ್ಕೋ."

ದಾರಿಯಲ್ಲಿ ಥೆಲ್ಮಾ ಅವಳ ತೋಳು ಹಿಡಿದು ಜಗ್ಗಿದಳು. "ಲೇ ಸಿಲಾ, ನಾನೇನೋ ಬಾಯಿಗೆ ಬಂದಿದ್ದು ಅಂದೆ. ನೀನ್ಯಾಕೆ ಕೊರಳು ಕೊಟ್ಟೆ?"

"ನೀನು ಹಾಡ್ತೀಯ. ಹಿಂದೆ ಸರಿದ್ರೆ ನಿನ್ನ ಅಂಗಡಿ ಮುಂದೆ ಬಂದು ಕೂತು ನಾನೇ ಹಾಡ್ತೀನಿ."

"ಬೇಡಪ್ಪಾ, ಗಿರಾಕಿ ಓಡಿಹೋಗ್ತಾರೆ. ಹಾಡ್ತೀನಿ ಬಿಡು."

ಗಿಟಾರ್ ಸಿಲಾಳ ಮನೆಯ ಗೋಡೆಯ ಮೇಲೇ ಇತ್ತು. ಶಾನ್‌ಬೋರ್ ಮದುವೆಯಾಗಿ ಹೆಂಡತಿಯ ಮನೆಗೆ ನೊಂಗ್‌ಥಿಮ್ಮಾಯ್‌ಗೆ ಹೋಗುವಾಗ ಹೊಸ ಗಿಟಾರ್ ಒಯ್ದು, ಕಲ್ಕತ್ತದಿಂದ ತರಿಸಿದ್ದ ತನ್ನ ಮೊದಲ ಕೆಂಪು ಎಲೆಕ್ಟ್ರಿಕ್ ಗಿಟಾರನ್ನೂ ಅದರ ಸದ್ದಿನ ಪೆಟ್ಟಿಗೆಯನ್ನೂ ಇಲ್ಲೇ ಬಿಟ್ಟಿದ್ದ. ನಮ್ಮ ಖಾಸಿಗಳ ರೂಢಿಯಂತೆ, ಕಿರಿಮಗಳಾದ್ದರಿಂದ ಮನೆ ಸಿಲಾಳಿಗೆ ಬಂತು, ಮನೆಯ ಜೊತೆಗೆ ಗಿಟಾರಿನ ಧೂಳು ಒರೆಸುವ ಕೆಲಸವೂ ಬಂತು. ಇಷ್ಟು ವರ್ಷ ಒರೆಸಿದರೂ ಅವಳು ಒಂದು ತಂತಿಯನ್ನೂ ಮೀಟಿದವಳಲ್ಲ. ಬಟ್ಟೆ ತಾಗಿ ತಂತಿ ಝುಂ ಎಂದರೆ ಯಾರದೋ ಮಾತಿನ ನಡುವೆ ಬಾಯಿ ಹಾಕಿದಂತೆ ಕೈ ಹಿಂದೆಗೆಯುತ್ತಿದ್ದಳು.

ಶಾನ್‌ಬೋರ್ ಪ್ರತಿ ಭಾನುವಾರ ಚರ್ಚು ಮುಗಿಸಿ ತಂಗಿಯ ಮನೆಗೆ ಊಟಕ್ಕೆ ಬರುತ್ತಿದ್ದ. ಆ ಭಾನುವಾರ ಬಂದು ನೋಡಿದರೆ ಗೋಡೆಯ ಮೇಲೆ ಗಿಟಾರಿನ ಆಕಾರದ ಬಿಳಿ ಕಲೆ ಮಾತ್ರ ಇತ್ತು. ಗಿಟಾರ್ ಸಿಲಾಳ ಮಡಿಲಲ್ಲಿ, ಹೆಗಲಿಂದ ಇಳಿಬಿಟ್ಟು ಉಡುವ ಜೈನ್‌ಸೆಮ್‌ನ ಮಡಿಕೆಗಳ ನಡುವೆ ಮಲಗಿತ್ತು.

"ಏ, ಅದು ನಂದು!"

"ಗೋಡೆ ನಂದು. ಗಿಟಾರ್ ಬೇಕಿದ್ರೆ ತಗೊಂಡ್ಹೋಗು, ನಾಳೆಯಿಂದ ಬೇರೆ ಗೋಡೆ ನೋಡ್ಕೋ."

ಶಾನ್‌ಬೋರ್ ಬಾಗಿಲಲ್ಲೇ ನಿಂತು ಭಾವಮೈದುನನ ಕಡೆ ನೋಡಿದ. ಸಿಲಾಳ ಗಂಡ ಕಿರ್ಮೆನ್ ಟ್ಯಾಕ್ಸಿ ಓಡಿಸುವವನು. ಮಾತು ಕಡಿಮೆ, ಅದರಲ್ಲೂ ಅಣ್ಣತಂಗಿಯರ ಜಗಳದಲ್ಲಿ ಇನ್ನೂ ಕಡಿಮೆ. ಅವನು ತುಂಗ್ತಾಪ್ ಎಂಬ ಒಣಮೀನಿನ ಚಟ್ನಿಯ ಬಟ್ಟಲನ್ನು ಭಾವನ ಕಡೆ ಸರಿಸಿ ಅನ್ನಕ್ಕೆ ಕೈ ಹಾಕಿದ.

"ಸರಿ, ಸರಿ," ಎಂದ ಶಾನ್‌ಬೋರ್, ಕೂರುತ್ತ. "ಒಂದು ವಾರದಲ್ಲಿ ನೀನೇ ವಾಪಸ್ ನೇತುಹಾಕ್ತೀಯ. ಕಬ್ಬಿಣದ ತಂತಿ ಅದು. ನಿನ್ನ ಸೀಮೆಸುಣ್ಣ ಅಲ್ಲ."

ಲೈತುಮ್‌ಖ್ರಾದಲ್ಲಿ ಬೇಕರಿಯ ಮೇಲಿನ ಕೋಣೆಯೊಂದರಲ್ಲಿ ಇಬಾನ್ ಎಂಬ ಹುಡುಗಿ ಗಿಟಾರ್ ಹೇಳಿಕೊಡುತ್ತಿದ್ದಳು. ಹುಡುಗಿ ಎನ್ನುವುದು ಸಿಲಾಳ ಲೆಕ್ಕ. ಇಬಾನ್‌ಗೆ ಇಪ್ಪತ್ತೈದು ದಾಟಿತ್ತು, ಮೂಗಿನಲ್ಲಿ ಬಳೆಯಂಥ ನತ್ತಿತ್ತು, ಡ್ರಮ್ಮೂ ಬರುತ್ತಿತ್ತು. ಆದರೆ ಶಿಶುವರ್ಗದಲ್ಲಿ ಸಿಲಾಳ ಮೇಜಿನ ಕೆಳಗೆ ಅಡಗಿ ಕುಳಿತು ಹೊರಬರಲೊಲ್ಲೆನೆಂದು ಅತ್ತದ್ದೂ ಇದೇ ಇಬಾನ್.

"ಮಿಸ್!" ಎಂದು ಅವಳು ಎದ್ದು ನಿಂತಳು. "ಯಾರನ್ನ ಸೇರಿಸೋಕೆ ಬಂದ್ರಿ? ಮೊಮ್ಮಗಳನ್ನಾ?"

"ನನ್ನನ್ನೇ."

ಇಬಾನ್ ನಗಲಿಲ್ಲ. ಗಿಟಾರಿನ ಚೀಲದ ಜಿಪ್ಪು ಎಳೆದು ಒಳಗಿದ್ದುದನ್ನು ನೋಡಿದಳು, ಶಿಳ್ಳೆ ಹಾಕಿದಳು. "ಇದು ಬಾಹ್ ಶಾನ್‌ಬೋರ್‌ರ ಕೆಂಪು ಗಿಟಾರ್ ಅಲ್ವಾ? ಮಿಸ್, ಇದನ್ನ ಮುಟ್ಟಬೇಕು ಅಂತ ಅರ್ಧ ಶಿಲ್ಲಾಂಗ್ ಕಾಯ್ತಿದೆ." ಆಮೇಲೆ ಸಿಲಾಳ ಎಡಗೈ ಹಿಡಿದು ತಿರುಗಿಸಿ ನೋಡಿ, ಹಳೆಯ ಲೆಕ್ಕವೊಂದನ್ನು ತೀರಿಸುವ ಖುಷಿಯಲ್ಲಿ ಹೇಳಿದಳು: "ಉಗುರು ಕತ್ತರಿಸಿಕೊಂಡು ಬಂದಿಲ್ಲ. ಮುಂದಿನ ಸಲ ಹೀಗೆ ಬಂದ್ರೆ ಗೋಡೆ ಕಡೆ ಮುಖ ಮಾಡಿ ನಿಲ್ಲಿಸ್ತೀನಿ."

ಮೊದಲ ವಾರಗಳ ಕತೆ ಹೇಳಬೇಕೆಂದರೆ ಬೆರಳ ತುದಿಗಳ ಕತೆ ಹೇಳಬೇಕು. ತಂತಿ ಒತ್ತಿದಲ್ಲಿ ಗೆರೆ ಬಿತ್ತು, ಗೆರೆ ಊದಿತು, ಊದಿದ್ದು ಸುಲಿಯಿತು. ಪಾತ್ರೆ ತೊಳೆಯುವ ನೀರಿಗೆ ಕೈ ಹಾಕಿದರೆ ಜೀವ ಹೋಗುತ್ತಿತ್ತು. ಅಷ್ಟು ನೋವು ತಿಂದು ಒತ್ತಿದರೂ ತಂತಿಯಿಂದ ಸ್ವರ ಬರುತ್ತಿರಲಿಲ್ಲ, ಗಾಜಿನ ಲೋಟದಲ್ಲಿ ಸಿಕ್ಕ ನೊಣದ ಸದ್ದು ಬರುತ್ತಿತ್ತು. ತರಗತಿಯಲ್ಲಿ ಅವಳ ಪಕ್ಕ ಕೂರುವ ಹತ್ತು ವರ್ಷದ ಹುಡುಗಿಯರು ಟಪಟಪನೆ ಬೆರಳಾಡಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಅವರಲ್ಲೊಬ್ಬಳು ಕನಿಕರದಿಂದ, "ಮಿಸ್, ನೀವು ಇನ್ನೂ ಮೊದಲನೇ ಸಾಲೇ?" ಎಂದು ಕೇಳಿದಳು. ಶಾಲೆಯಲ್ಲಿ ತಾನು ಎಷ್ಟು ಮಕ್ಕಳಿಗೆ ಇದೇ ಮಾತನ್ನು ಇದೇ ದನಿಯಲ್ಲಿ ಕೇಳಿದ್ದೆನೋ ಎಂದು ಸಿಲಾಳಿಗೆ ಅನಿಸದೆ ಇರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಇಬಾನ್ ಬರೆದುಕೊಟ್ಟ ಹಾಳೆ. ಆರು ಗೆರೆಗಳು, ಗೆರೆಗಳ ಮೇಲೆ ಅಂಕಿಗಳು.

"ಇದೇನೇ ಇದು, ಕರೆಂಟ್ ತಂತಿ ಮೇಲೆ ಗಣಿತ ಕೂತಿದೆ?"

"ಗೆರೆ ಅಂದ್ರೆ ತಂತಿ ಮಿಸ್, ಅಂಕಿ ಅಂದ್ರೆ ಬೆರಳಿಡೋ ಮನೆ. ಸೊನ್ನೆ, ಸೊನ್ನೆ, ಮೂರು, ಐದು, ಮೂರು. ಬೆಟ್ಟದ ಹಾಡಿನ ರಿಫ್ ಪೂರ್ತಿ ಇಷ್ಟೇ. ಇದಕ್ಕಿಂತ ಸುಲಭದ್ದು ಇಲ್ಲ."

ಇಷ್ಟೇ ಎಂದದ್ದನ್ನು ಮಾಡಲಾಗದಿದ್ದರೆ ಆಗುವ ಅವಮಾನ ದೊಡ್ಡದನ್ನು ಮಾಡಲಾಗದಿದ್ದರೆ ಆಗುವುದಿಲ್ಲ. ಅಂಕಿ ಓದಿ ತಂತಿ ನೋಡುವಷ್ಟರಲ್ಲಿ ಬೆರಳು ಕಳೆದುಹೋಗುತ್ತಿತ್ತು, ಬೆರಳು ಸಿಗುವಷ್ಟರಲ್ಲಿ ಅಂಕಿ. ಕೊನೆಗೊಂದು ದಿನ ಅವಳು ಹಾಳೆಯನ್ನು ಮಗುಚಿಟ್ಟು, "ನೀನು ಬಾರಿಸೇ, ನಾನು ಕೇಳ್ತೀನಿ," ಎಂದಳು. ಇಬಾನ್ ಬಾರಿಸಿದಳು. ಸಿಲಾ ಕಣ್ಣು ಮುಚ್ಚಿ ಕೇಳಿ, ಯೋಚಿಸದೆ ಹಾಡಿಬಿಟ್ಟಳು: "ಲಾ, ಲಾ, ದೋ, ರೇ, ದೋ."

ಚರ್ಚಿನ ಗಾಯನವೃಂದದಲ್ಲಿ ಅವಳು ಎರಡು ಜಡೆಯ ಕಾಲದಿಂದ ಆಲ್ಟೋ, ಹೆಂಗಸರ ಕೆಳದನಿ. ದೋ ರೇ ಮಿ ಅಕ್ಷರಗಳಲ್ಲಿ ಬರೆದ ಯಾವ ಹೊಸ ಹಾಡನ್ನಾದರೂ ಕೊಟ್ಟ ಕೂಡಲೇ ಹಾಡಬಲ್ಲವಳು. ಅವಳು ಆ ಹಾಳೆಯ ಹಿಂಬದಿಯಲ್ಲಿ ತನ್ನ ಅಕ್ಷರಗಳನ್ನು ಬರೆದುಕೊಂಡಳು. ಯಾವ ಅಕ್ಷರ ಯಾವ ಮನೆಯಲ್ಲಿದೆ ಎಂದು ಬೆರಳಿಂದ ಹುಡುಕಿಕೊಂಡಳು. ಅಲ್ಲಿಯವರೆಗೆ ಅಪರಿಚಿತವಾಗಿದ್ದ ಆ ಉದ್ದನೆಯ ಮರದ ಕೊರಳು ಒಮ್ಮೆಗೇ ಗುರುತಿನ ಓಣಿಯಂತಾಯಿತು. ಇಲ್ಲಿ ಲಾ ಇದ್ದಾಳೆ, ಅಷ್ಟು ದೂರದಲ್ಲಿ ದೋ, ಅವಳ ನೆರೆಮನೆ ದಾಟಿದರೆ ರೇ.

"ಅಯ್ಯೋ ಮಿಸ್," ಎಂದಳು ಇಬಾನ್. "ನಾನು ಎರಡು ತಿಂಗಳಲ್ಲಿ ಕಲಿಸೋದನ್ನ ನಿಮ್ಮ ಪಾದ್ರಿ ಆಗಲೇ ಕಲಿಸಿಬಿಟ್ಟಿದ್ದಾರೆ."

ಸ್ವರ ಸಿಕ್ಕರೂ ಲಯ ಸಿಗಲಿಲ್ಲ. ಬೆರಳು ಸರಿಯಾದ ಜಾಗಕ್ಕೆ ಹೋಗಿದೆಯೇ ಎಂದು ನೋಡುತ್ತ ಒಂದೊಂದಕ್ಕೂ ನಿಲ್ಲುತ್ತಿದ್ದಳು, ನಿಂತದ್ದನ್ನು ಸರಿದೂಗಿಸಲು ಮುಂದಿನದನ್ನು ಓಡಿಸುತ್ತಿದ್ದಳು. ಅದನ್ನೇ ಒಂದು ಭಾನುವಾರ ಊಟದ ಮೊದಲು ಅಣ್ಣನ ಮುಂದೆ ಬಾರಿಸಿ ತೋರಿಸಿದಳು. ಶಾನ್‌ಬೋರ್ ನಗಬಾರದೆಂದು ಬಹಳ ಪ್ರಯತ್ನಪಟ್ಟ. ಆಗಲಿಲ್ಲ.

"ಕುಂಟ ಕುದುರೆ ಮೆಟ್ಟಿಲು ಇಳಿದ ಹಾಗಿದೆ. ಕೊಡು ಇಲ್ಲಿ." ಅವನು ಗಿಟಾರ್ ತೆಗೆದುಕೊಂಡು, ಬಾಯಲ್ಲಿ ಕ್ವಾಯ್ ಅಗಿಯುತ್ತ, ಕಿಟಕಿಯ ಹೊರಗೆ ಯಾರದೋ ನಾಯಿ ನೋಡುತ್ತ, ಆ ಐದು ಸ್ವರಗಳನ್ನು ಉರುಳಿಸಿಬಿಟ್ಟ. ಎಷ್ಟು ಸಲೀಸಾಗಿತ್ತೆಂದರೆ ಸಿಲಾಳಿಗೆ ಕಣ್ಣು ಉರಿಯಿತು. ಅವಳು ಎದ್ದು ಒಳಗೆ ಹೋಗಿ ಅಗತ್ಯವಿಲ್ಲದ ಪಾತ್ರೆಯೊಂದನ್ನು ಬಹಳ ಹೊತ್ತು ತಿಕ್ಕಿದಳು.

ಅಣ್ಣ ಹೋದ ಮೇಲೆ ಕಿರ್ಮೆನ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ನಾನು ಗಾಡಿ ಕಲಿಯೋವಾಗ," ಎಂದ, "ಗೇರ್ ಎಲ್ಲಿದೆ ಅಂತ ಪ್ರತಿ ಸಲ ಬಗ್ಗಿ ನೋಡ್ತಿದ್ದೆ. ಕಲಿಸೋನು ತಲೆಗೊಂದು ಬಿಟ್ಟ. ಗೇರ್ ಎಲ್ಲೂ ಓಡಿಹೋಗಲ್ಲ, ರಸ್ತೆ ನೋಡು ಅಂದ."

"ಅಂದ್ರೆ?"

"ಬೆರಳು ನೋಡ್ಬೇಡ."

ಅಷ್ಟೇ ಹೇಳಿ ಅವನು ಗಾಡಿ ತೊಳೆಯಲು ಹೋದ.

ಮರುದಿನದಿಂದ ಸಿಲಾ ಹಿತ್ತಿಲ ಕಡೆಯ ಕಿಟಕಿಯ ಮುಂದೆ ಕುಳಿತು, ಎದುರಿನ ಗುಡ್ಡದ ಮನೆಗಳ ಕೆಂಪು ತಗಡುಗಳನ್ನು ನೋಡುತ್ತ ಬಾರಿಸತೊಡಗಿದಳು. ಕಾಲಲ್ಲಿ ಹಲಗೆಯ ನೆಲವನ್ನು ಬಡಿಯುವುದು, ಕಾಲು ನಿಲ್ಲದಂತೆ ನೋಡಿಕೊಳ್ಳುವುದು. ಬೆರಳು ತಪ್ಪಿದರೆ ತಪ್ಪಲಿ, ಕಾಲು ನಿಲ್ಲಕೂಡದು. ಮಂಜು ಬಂದು ತಗಡುಗಳನ್ನು ನುಂಗುತ್ತಿತ್ತು, ಮಳೆ ಬಂದು ಮಂಜನ್ನು ತೊಳೆಯುತ್ತಿತ್ತು. ಅನ್ನ ಸೀದುಹೋದ ದಿನವೂ ಇತ್ತು. ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದ, "ಸಿಲಾ, ಹಲಗೆ ಮುರೀತೀಯ!" ಎಂದು ಕೂಗಿ, ತುಸು ಹೊತ್ತಿನ ಮೇಲೆ, "ಯಾಕೆ ನಿಲ್ಲಿಸ್ದೆ?" ಎಂದೂ ಕೂಗಿದಳು.

ಒಂದು ಮಧ್ಯಾಹ್ನ ಅದು ಬಂತು. ಹೇಗೆ ಬಂತೆಂದು ಅವಳಿಗೂ ತಿಳಿಯದು. ಅಂಗಳದ ತಂತಿಯ ಮೇಲಿನ ಬಟ್ಟೆ ಒಣಗಿತೇ ಎಂದು ನೋಡುತ್ತಿದ್ದಳು, ಒಳಗೆ ತರಬೇಕು ಎಂದುಕೊಳ್ಳುತ್ತಿದ್ದಳು, ಅಷ್ಟರಲ್ಲಿ ಕೈಗಳು ತಮ್ಮ ಪಾಡಿಗೆ ರಿಫ್ ಬಾರಿಸುತ್ತಿರುವುದು ಕೇಳಿಸಿತು. ನೊಣದ ಸದ್ದಿಲ್ಲ, ಕುಂಟುವುದಿಲ್ಲ. ಸುತ್ತಿ ಬಂತು, ಮತ್ತೆ ಸುತ್ತಿ ಬಂತು. ಉಸಿರಾಡಿದರೆ ಎಲ್ಲಿ ನಿಂತುಹೋಗುವುದೋ ಎಂದು ಅವಳು ಉಸಿರು ಬಿಗಿಹಿಡಿದಳು. ಕೊನೆಗೆ ಉಸಿರಾಡಿದಳು, ಆದರೂ ನಿಲ್ಲಲಿಲ್ಲ. ಐವತ್ತೊಂಬತ್ತು ವರ್ಷದ ಹೆಂಗಸು ಖಾಲಿ ಮನೆಯಲ್ಲಿ ಗಟ್ಟಿಯಾಗಿ "ಹೋ!" ಎಂದು ಕೂಗಿದಳು. ಥೆಲ್ಮಾಗೆ ಫೋನು ಹಚ್ಚಿ, ಫೋನನ್ನು ಮಂಚದ ಮೇಲಿಟ್ಟು, ಮತ್ತೆ ಬಾರಿಸಿದಳು.

ಆ ಕಡೆಯಿಂದ ಮಾಂಸ ಕಡಿಯುವ ಸದ್ದು ನಿಂತಿತು. "ಅದು ಟೇಪಾ?" ಎಂದಳು ಥೆಲ್ಮಾ.

"ಟೇಪಲ್ಲ. ನಾನು."

"ನಮ್ಮಪ್ಪನಾಣೆ?"

"ನಿಮ್ಮಪ್ಪನಾಣೆ!"

ಫೋನಿನಲ್ಲಿ ಥೆಲ್ಮಾ ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಕೂಗಿ ಹೇಳುವುದು ಕೇಳಿಸಿತು. ಆ ಸಂಜೆಯೊಳಗೆ ಸಂತೆಗೆಲ್ಲ ಗೊತ್ತಾಗಿತ್ತು.

ಇಬಾನ್ ತಾನೇ ಡ್ರಮ್ ಬಾರಿಸುವುದಾಗಿ ಒಪ್ಪಿದಳು. ಮೂವರೂ ಬೇಕರಿಯ ಮೇಲಿನ ಕೋಣೆಯಲ್ಲಿ ಸೇರತೊಡಗಿದರು. ಬೆಟ್ಟದ ಹಾಡಿನ ಮಾತುಗಳು ಥೆಲ್ಮಾಗೆ ಹಿಡಿಸಲಿಲ್ಲ. "ಬೆಟ್ಟ, ಮೋಡ, ಹುಡುಗಿ, ಕಣ್ಣು. ನಾನು ಬೆಳಗಾದರೆ ಬೆನ್ನ ಮೇಲೆ ಹಂದಿ ಹೊತ್ತು ಮೆಟ್ಟಿಲು ಹತ್ತೋಳು, ನಂಗ್ಯಾಕೆ ಮೋಡ?" ಎಂದು, ರಿಫ್ ಒಂದನ್ನು ಉಳಿಸಿಕೊಂಡು ಅದರ ಮೇಲೆ ತನ್ನದೇ ಹಾಡು ಕಟ್ಟಿದಳು. ಸಂತೆಯ ಮೆಟ್ಟಿಲಿನ ಹಾಡು:

"ಹತ್ತು ಅಕ್ಕಾ ಹತ್ತು, ಹೊರೆ ನಿಂದೇ ಹತ್ತು,
ದಾರಿ ಬಿಡದವನ ಕಾಲು ತುಳಿದು ಹತ್ತು!"

ಅಲ್ಲಿ ಒಂದು ತೊಡಕು ಎದ್ದಿತು. ಥೆಲ್ಮಾಳ ಆ ಗಂಟಲಿನ ಕೆಳಗೆ ರಿಫ್ ತೆಳ್ಳಗೆ ಕೇಳುತ್ತಿತ್ತು. ಎಕ್ಸ್‌ಪ್ರೆಸ್‌ನವರಿಗೆ ತಳದ ಸ್ವರ ತುಂಬುವ ಬೇಸ್ ಗಿಟಾರಿತ್ತು, ಇವರಿಗಿರಲಿಲ್ಲ. ಕೊನೆಯ ದೋ ಬಂದು ನಿಂತಾಗ ಸಿಲಾಳಿಗೆ ಪ್ರತಿ ಸಲವೂ ಮೆಟ್ಟಿಲಿದೆಯೆಂದು ಕಾಲಿಟ್ಟು ಗಾಳಿಯಲ್ಲಿ ಇಟ್ಟಂತಾಗುತ್ತಿತ್ತು. ನಲವತ್ತೈದು ವರ್ಷ ಕೆಳದನಿ ಹಾಡಿದವಳ ಕಿವಿ ಅದು, ಮೇಲಿನವರು ಹಾರಾಡುವಾಗ ನೆಲ ಎಲ್ಲಿದೆ ಎಂದು ಹುಡುಕುವುದೇ ಅದರ ಅಭ್ಯಾಸ. ಒಂದು ದಿನ ಅವಳ ತೋರುಬೆರಳು ಆ ದೋ ಆದ ಮೇಲೆ ಪಕ್ಕದ ಎಲ್ಲಕ್ಕಿಂತ ದಪ್ಪ ತಂತಿಗೆ ಜಾರಿ, ಕೆಳಗಿನ ಸೋ ಸ್ವರದ ಮೇಲೆ ಕೂತಿತು. ಲಾ, ಲಾ, ದೋ, ರೇ, ದೋ... ಸೋ.

ಇಬಾನ್‌ಳ ಕೋಲು ಗಾಳಿಯಲ್ಲೇ ನಿಂತಿತು. "ಮಿಸ್, ಅದು ರಿಫ್‌ನಲ್ಲಿ ಇಲ್ಲ."

"ಗೊತ್ತು. ಇರಬೇಕಿತ್ತು."

ಇಬಾನ್ ಕೋಲು ಇಳಿಸಿದಳು. "ಇನ್ನೊಂದ್ಸಲ ಬಾರಿಸಿ," ಎಂದು, ಆ ಕೆಳಗಿನ ಸ್ವರ ಬಿದ್ದ ಜಾಗದಲ್ಲೇ ಕಾಲಿನಿಂದ ದೊಡ್ಡ ಡ್ರಮ್ಮನ್ನು ಒದ್ದಳು. ಕೆಳಗೆ ಬೇಕರಿಯವನು ತಟ್ಟೆ ಬೀಳಿಸಿದ ಸದ್ದಾಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತರಗತಿಗೆ ಬೇಗ ಬಂದಿದ್ದ ಇಬ್ಬರು ಹುಡುಗಿಯರು ಮೆಟ್ಟಿಲ ಮೇಲೆ ಚಪ್ಪಾಳೆ ತಟ್ಟಿದರು.

ಸುದ್ದಿ ಶಾನ್‌ಬೋರ್‌ಗೆ ಹೋಗದೆ ಇರುತ್ತದೆಯೇ? ಭಾನುವಾರ ಬಂದವನು ಜಾದೊ ಎಂಬ ಮಾಂಸದನ್ನ ಬಡಿಸಿದ್ದರೂ ತಟ್ಟೆ ಮುಟ್ಟಲಿಲ್ಲ.

"ನನ್ನ ರಿಫ್‌ಗೆ ಬಾಲ ಅಂಟಿಸಿದೀಯಂತೆ."

"ಬಾಲ ಅಲ್ಲ, ಕಾಲು."

"ನಲವತ್ತು ವರ್ಷ ಐದೇ ಸ್ವರ ಬಾರಿಸಿದೀವಿ. ಗುವಾಹಟಿಯಲ್ಲಿ ಬಾರಿಸಿದೀವಿ, ಕೊಹಿಮಾದಲ್ಲಿ ಬಾರಿಸಿದೀವಿ. ಯಾರೂ ಕಮ್ಮಿಯಾಯ್ತು ಅಂದಿಲ್ಲ. ನೀನು ಗಿಟಾರ್ ಹಿಡಿದು ಎರಡು ಮಳೆ ಆಗಿಲ್ಲ, ತಿದ್ದೋಕೆ ಬಂದುಬಿಟ್ಯಾ?"

"ನೀವು ಐದೇ ಬಾರಿಸಿ. ಯಾರು ಬೇಡ ಅಂದ್ರು? ನಮಗೆ ಆರು ಬೇಕು."

"ಅದು ನಮ್ಮದು ಸಿಲಾ!"

"ಅದನ್ನ ಕೇಳಿ ಕೇಳಿ ಬೆಳೆದೋಳು ನಾನು," ಎಂದಳು ಅವಳು. ಕೂಗಲಿಲ್ಲ. "ಪಕ್ಕದ ಕೋಣೇಲಿ ಕೂತು ನೀವು ತಪ್ಪಿದ್ದೂ ಕೇಳಿದೀನಿ, ಸರಿಯಾಗಿದ್ದೂ ಕೇಳಿದೀನಿ. ನಂಗೆ ಇದು ಹೀಗೆ ಕೇಳತ್ತೆ ಅಣ್ಣಾ. ನಿಂಗೆ ಬೇಡದಿದ್ರೆ ಆ ದಿನ ಕಿವಿಗೆ ಹತ್ತಿ ಇಟ್ಕೋ. ಊಟ ಆರ್ತಾ ಇದೆ, ತಿನ್ನು."

ಅವನು ತಿಂದ. ಆದರೆ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ, ಮುಂದಿನ ಎರಡು ಭಾನುವಾರ ಬರಲೂ ಇಲ್ಲ. ಸಿಲಾಳಿಗೆ ಬೇಸರವಾಯಿತು. ಬೇಸರವಾಯಿತೆಂದು ಆ ಸ್ವರವನ್ನು ಮಾತ್ರ ಬಿಡಲಿಲ್ಲ.

ಉದ್ಘಾಟನೆಯ ದಿನ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಭವನದಲ್ಲಿ ಹೊಸ ಬಣ್ಣದ ವಾಸನೆ. ಮುಂದಿನ ಸಾಲಿನಲ್ಲಿ ಮುಖಂಡರು, ಹಿಂದೆ ಮನೆ ಮನೆಯವರು, ಕಿಟಕಿಗಳಲ್ಲಿ ಜೋತುಬಿದ್ದ ಪಕ್ಕದ ಬಡಾವಣೆಯ ಹುಡುಗರು. ಪ್ರಾರ್ಥನೆಯಾಯಿತು, ಭಾಷಣಗಳಾದವು. ಕಾರ್ಯದರ್ಶಿ ಮೈಕಿನಲ್ಲಿ, "ಈಗ ನಮ್ಮ ಹೆಂಗಸರ ಸಂಘದಿಂದ..." ಎಂದು ಚೀಟಿ ನೋಡಿ, ನಗು ತಡೆದುಕೊಂಡು, "ರಾಕ್ ಸಂಗೀತ," ಎಂದ. ಸಭೆಯಲ್ಲಿ ಗುಜುಗುಜು ಎದ್ದಿತು. ಯಾರೋ ಕಿಟಕಿಯಿಂದ, "ಅಜ್ಜೀ, ಸೊಂಟ ಹುಷಾರು!" ಎಂದು ಕೂಗಿದರು.

"ನಿನ್ನ ಸೊಂಟ ನೋಡ್ಕೋ ಮಗಾ, ಇಳಿದು ಬಂದ್ರೆ ಮುರೀತೀನಿ," ಎಂದಳು ಥೆಲ್ಮಾ, ಮೈಕಿಲ್ಲದೆಯೇ. ಇಡೀ ಭವನಕ್ಕೆ ಕೇಳಿಸಿತು.

ಸಿಲಾ ಒಳ್ಳೆಯ ರೇಷ್ಮೆ ಜೈನ್‌ಸೆಮ್ ಉಟ್ಟಿದ್ದಳು. ಗಿಟಾರಿನ ಪಟ್ಟಿ ಅದರ ಮೇಲೆ ಜಾರದಂತೆ ಇಬಾನ್ ಭುಜಕ್ಕೆ ಪಿನ್ನು ಹಾಕಿದ್ದಳು. ಇಬಾನ್ ಕೋಲಿಗೆ ಕೋಲು ಬಡಿದು ಲೆಕ್ಕ ಕೊಟ್ಟಳು. ಸಿಲಾ ತಂತಿ ಮೀಟಿದಳು.

ಏನೂ ಕೇಳಿಸಲಿಲ್ಲ.

ಮತ್ತೆ ಮೀಟಿದಳು. ಕಬ್ಬಿಣದ ತಂತಿಯ ಟಿಣ್ ಎಂಬ ಸಣ್ಣ ಸದ್ದು, ಅದೂ ಅವಳಿಗಷ್ಟೇ. ಕಿಟಕಿಗಳಲ್ಲಿ ನಗೆ ಎದ್ದಿತು. ಒಂದು ಗಳಿಗೆ ಅವಳು ಶಿಶುವರ್ಗದ ಬಾಗಿಲಲ್ಲಿ ಅಮ್ಮನ ಕೈ ಬಿಟ್ಟುಹೋದ ಮಗುವಿನ ಹಾಗೆ ನಿಂತಿದ್ದಳು. ಅಷ್ಟರಲ್ಲಿ ಮೂರನೆಯ ಸಾಲಿನಿಂದ ಕಿರ್ಮೆನ್ ಎದ್ದು, ಅವಸರವಿಲ್ಲದೆ ವೇದಿಕೆ ಹತ್ತಿ, ಸದ್ದಿನ ಪೆಟ್ಟಿಗೆಯ ಹಿಂದೆ ಬಗ್ಗಿ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. "ಇಗ್ನಿಷನ್," ಎಂದು ಪಿಸುಗುಟ್ಟಿ ಇಳಿದುಹೋದ.

ಅವಳಿಗೆ ನಗು ಬಂತು. ನಗುತ್ತಲೇ ಮೀಟಿದಳು.

ಈ ಸಲ ಸದ್ದು ಭವನದ ಹೊಸ ತಗಡಿಗೆ ಹೋಗಿ ಹೊಡೆಯಿತು. ಲಾ, ಲಾ, ದೋ, ರೇ, ದೋ. ಜನ ಗುರುತು ಹಿಡಿದು "ಓ!" ಎನ್ನುವಷ್ಟರಲ್ಲಿ ಅವಳ ಬೆರಳು ದಪ್ಪ ತಂತಿಗೆ ಇಳಿಯಿತು, ಇಬಾನ್‌ಳ ಡ್ರಮ್ಮು ಅದರ ಜೊತೆಗೇ ಬಿತ್ತು, ಕಿಟಕಿಯ ಗಾಜುಗಳು ನಡುಗಿದವು. ಹುಡುಗರ ನಗೆ ಅರ್ಧಕ್ಕೆ ನಿಂತಿತು. ಸುತ್ತಿ ಬಂತು, ಮತ್ತೆ ಇಳಿಯಿತು. ಅವಳು ಬೆರಳು ನೋಡಲಿಲ್ಲ, ಜನರನ್ನು ನೋಡಿದಳು. ಪಕ್ಕದ ಮನೆಯ ಮುದುಕಿ ಕೋಲಿನಿಂದ ನೆಲ ಕುಟ್ಟುತ್ತಿದ್ದಳು. ಥೆಲ್ಮಾ ಬಾಯಿ ತೆರೆದಳು, ಇಯೆವ್‌ದುಹ್ ಸಂತೆಯ ಬೆಳಗು ಪೂರ್ತಿ ಒಳಗೆ ನುಗ್ಗಿತು. "ಕಾಲು ತುಳಿದು ಹತ್ತು!" ಎಂದು ಅವಳು ಎರಡನೆಯ ಸಲ ಹಾಡುವ ಹೊತ್ತಿಗೆ ಸಂತೆಯ ಹೆಂಗಸರೆಲ್ಲ ಎದ್ದು ನಿಂತಿದ್ದರು. ಚಹಾದ ಹಂಡೆಯ ಹತ್ತಿರ ಇದ್ದವರು ಸೌಟು ಹಿಡಿದೇ ಬಂದರು.

ನಡುವೆ ಒಮ್ಮೆ ಸಿಲಾಳ ಬೆರಳು ತಪ್ಪಿತು. ಕಾಲು ನಿಲ್ಲಲಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಹಾಡು ಮುಗಿದಾಗ ಎದ್ದ ಕೂಗಿಗೆ ಅವಳ ಮೈ ಜುಂ ಎಂದಿತು. ಅವಳು ತಲೆ ತಗ್ಗಿಸಲಿಲ್ಲ. ಮಕ್ಕಳು ತಪ್ಪಿಲ್ಲದೆ ಪದ್ಯ ಒಪ್ಪಿಸಿದಾಗ ಅವರನ್ನು ಹೇಗೆ ನೇರ ನಿಲ್ಲಿಸುತ್ತಿದ್ದಳೋ ಹಾಗೆ ನೇರ ನಿಂತು, ಆ ಚಪ್ಪಾಳೆಯನ್ನು ಪೂರ್ತಿ ತೆಗೆದುಕೊಂಡಳು. ತನಗೆ ಸಲ್ಲಬೇಕಾದದ್ದು ಎಂದು ತೆಗೆದುಕೊಂಡಳು.

ಶಾನ್‌ಬೋರ್ ಬಾಗಿಲ ಬಳಿ ತನ್ನ ಗಿಟಾರ್ ಹಿಡಿದು ನಿಂತಿದ್ದ. ಮುಂದಿನ ಸರದಿ ಅವರದೇ. ವೇದಿಕೆಯ ಮೆಟ್ಟಿಲಲ್ಲಿ ಎದುರಾದಾಗ ಅವನು ತಂಗಿಯ ಮುಖ ನೋಡಲಿಲ್ಲ, ಗಿಟಾರಿನ ಕಡೆ ನೋಡಿ, "ಎರಡನೇ ತಂತಿ ಶ್ರುತಿ ಇಳಿದಿದೆ," ಎಂದ.

"ನಾನು ಬಾರಿಸಿದ್ದಕ್ಕೆ ಆ ತಂತಿ ಬೇಕಾಗಲೇ ಇಲ್ಲ," ಎಂದಳು ಅವಳು.

ಎಕ್ಸ್‌ಪ್ರೆಸ್‌ನವರು ಹತ್ತಿದರು. ಡೊಳ್ಳುಹೊಟ್ಟೆಗಳ ಮೇಲೆ ಗಿಟಾರುಗಳನ್ನು ಏರಿಸಿಕೊಂಡು ಬೆಟ್ಟದ ಹಾಡು ಶುರು ಮಾಡಿದರು. ಸಿಲಾ ಹೆಂಗಸರ ನಡುವೆ ಕುಳಿತು, ಯಾರೋ ಕೊಟ್ಟ ಕ್ವಾಯ್ ಬಾಯಿಗಿಟ್ಟುಕೊಂಡು ಕೇಳಿದಳು. ಅಣ್ಣ ಚೆನ್ನಾಗಿ ಬಾರಿಸುತ್ತಿದ್ದ, ಯಾವಾಗಲೂ ಅವನು ಚೆನ್ನಾಗಿಯೇ ಬಾರಿಸುವವನು. ಐದು ಸ್ವರ. ಮತ್ತೆ ಐದು. ಆದರೆ ರಿಫ್ ದೋ ಮೇಲೆ ಬಂದು ನಿಂತ ಕೂಡಲೇ ಭವನದಲ್ಲಿದ್ದ ಹೆಂಗಸರು, ಆಮೇಲೆ ಕಿಟಕಿಯ ಹುಡುಗರು, ತಾವಾಗಿಯೇ ಕೆಳಗಿನ ಸ್ವರವನ್ನು "ಹೂಂ" ಎಂದು ಗುನುಗಿ ತುಂಬಿಸುತ್ತಿದ್ದರು. ಶಾನ್‌ಬೋರ್‌ನ ಹುಬ್ಬು ಗಂಟಿಕ್ಕಿತು. ಮೂರನೆಯ ಸುತ್ತಿನಲ್ಲೂ ಗುನುಗಿದರು. ನಾಲ್ಕನೆಯ ಸುತ್ತಿನಲ್ಲಿ ಅವನು ಮೇಲೆ ತಗಡು ನೋಡುತ್ತ, ಇದಕ್ಕೂ ತನಗೂ ಸಂಬಂಧವಿಲ್ಲ ಎನ್ನುವಂತೆ, ಬೆರಳನ್ನು ದಪ್ಪ ತಂತಿಗೆ ಇಳಿಸಿದ.

ಥೆಲ್ಮಾ ಸಿಲಾಳ ಪಕ್ಕೆಗೆ ಮೊಣಕೈಯಿಂದ ತಿವಿದಳು. "ಕೇಳಿದ್ಯಾ? ಕೇಳಿದ್ಯಾ?"

"ಕಿವಿ ಇದೆ ಕಣೇ," ಎಂದಳು ಸಿಲಾ. ಕ್ವಾಯ್‌ನ ಬಿಸಿ ಕೆನ್ನೆಗೇರಿತ್ತೋ, ಬೇರೆಯದೋ, ಅವಳ ಮುಖ ಕೆಂಪಾಗಿತ್ತು.

ಮುಂದಿನ ಭಾನುವಾರ ಶಾನ್‌ಬೋರ್ ಊಟಕ್ಕೆ ಬಂದ. ಕರಿ ಎಳ್ಳಿನ ಹಂದಿಮಾಂಸ ಎರಡು ಸಲ ಬಡಿಸಿಕೊಂಡ. ಕೈ ತೊಳೆಯುವಾಗ, "ಆವತ್ತು ಬೆರಳು ಜಾರಿತು," ಎಂದ.

"ನಾಲ್ಕನೇ ಸುತ್ತಿಂದ ಕೊನೇವರೆಗೂ ಜಾರಿತು," ಎಂದಳು ಅವಳು. ಕಿರ್ಮೆನ್ ಕೆಮ್ಮುತ್ತ ಎದ್ದುಹೋದ. ಹೊರಡುವಾಗ ಶಾನ್‌ಬೋರ್ ಜೇಬಿನಿಂದ ಹೊಸ ತಂತಿಗಳ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಹಳೇದು ತುಕ್ಕು ಹಿಡಿದಿದೆ. ನಿನ್ನ ಗಿಟಾರಿಗೆ ಹಾಕ್ಕೋ," ಎಂದ. ಮೊದಲ ಸಲ ಅವನು ಅದನ್ನು ನಿನ್ನ ಗಿಟಾರ್ ಎಂದದ್ದು. ಇಬ್ಬರೂ ಅದನ್ನು ಗಮನಿಸದವರಂತೆ ನಟಿಸಿದರು.

ಅದಾದ ಕೆಲವು ದಿನಕ್ಕೆ ಒಬ್ಬ ಹೆಂಗಸು ಸಿಲಾಳ ಬಾಗಿಲು ತಟ್ಟಿದಳು. ಮೌಲಾಯ್ ಕಡೆಯವಳು, ಸಿಲಾಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು, ಮಂಡಿ ನೋವೆಂದು ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಬಂದಿದ್ದಳು. ಬೆನ್ನ ಮೇಲೆ ಶಾಲಿನ ಕೆಳಗೆ ಮೊಮ್ಮಗನ ಗಿಟಾರ್.

"ನೀವೇ ಅಲ್ವಾ, ಆ ಭವನದಲ್ಲಿ ಬಾರಿಸಿದ್ದು? ನಾನು ಹಿಂದಿನ ಸಾಲಲ್ಲಿದ್ದೆ. ನಂಗೂ ಕಲಿಸ್ತೀರಾ?"

"ಅಯ್ಯೋ ಅಕ್ಕಾ, ಲೈತುಮ್‌ಖ್ರಾದಲ್ಲಿ ಇಬಾನ್ ಅಂತ ಇದ್ದಾಳೆ, ಅವಳ ಹತ್ರ ಹೋಗಿ. ನಾನು ಇನ್ನೂ ಕಲಿಯೋಳು. ನಂಗೆ ಬರೋದು ಅದೊಂದೇ."

"ನಂಗೆ ಬೇಕಾಗಿರೋದೂ ಅದೊಂದೇ," ಎಂದಳು ಆಕೆ, ಶಾಲು ಬಿಚ್ಚುತ್ತ.

ಸಿಲಾ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಕಿಟಕಿಯ ಮುಂದೆ ಇನ್ನೊಂದು ಬೆತ್ತದ ಪೀಠ ಎಳೆದು ಹಾಕಿದಳು.